ಮರಳವಾಡಿಯ ಕಲ್ಲು, ಬೆಂಗಳೂರಿನ ಗಾಜು

"ಹತ್ತೋನನ್ನ ನೋಡ್ಕೊಂಡು ಮೆಟ್ಲು ಕಟ್ಬೇಡ ಕಣಪ್ಪ, ಇಳಿಯೋನನ್ನ ನೋಡ್ಕೊಂಡು ಕಟ್ಟು" ಎನ್ನುತ್ತಿದ್ದರು ನಮ್ಮಪ್ಪ. ಹತ್ತುವವನಿಗೆ ಮೆಟ್ಟಿಲು ಕಣ್ಣೆದುರಿಗೇ ಇರುತ್ತದೆ. ಎಡವಿದರೂ ಮೇಲಿನ ಮೆಟ್ಟಿಲಿಗೆ ಕೈಯೂರಿ ಉಳಿದುಕೊಳ್ಳುತ್ತಾನೆ. ಇಳಿಯುವವನಿಗೆ ಕಾಣುವುದು ಅಂಚೊಂದೇ. ಅದು ಕಾಣದೆ ಹೋದರೆ ಹೆಜ್ಜೆ ಗಾಳಿಗೆ ಬೀಳುತ್ತದೆ, ಆಮೇಲೆ ಮನುಷ್ಯ ಬೀಳುತ್ತಾನೆ.

ಅಪ್ಪ ಕನಕಪುರದ ಕಡೆಯ ಮರಳವಾಡಿ ಹೋಬಳಿಯ ಬಂಡೆಗಳಲ್ಲಿ ಚಪ್ಪಡಿ ಎಬ್ಬಿಸಿ, ಸುತ್ತಲಿನ ಊರುಗಳ ಮನೆ, ಗುಡಿ, ಬಾವಿಗಳಿಗೆ ಮೆಟ್ಟಿಲು ಕೂರಿಸಿದವರು. ಕೆರೆ ಕಟ್ಟಿಸಿದ ಸೊನ್ನಲಿಗೆಯ ಸಿದ್ಧರಾಮನನ್ನು ಕುಲಗುರುವೆಂದು ನೆನೆಯುವ ಭೋವಿ ಜನ ನಾವು. ಕಲ್ಲು ಮತ್ತು ಮಣ್ಣು ನಮ್ಮ ಅನ್ನ. ನಾನೂ ಉಳಿ ಸುತ್ತಿಗೆಯಿಂದಲೇ ಶುರುಮಾಡಿದವನು. ಆಮೇಲೆ ಬೆಂಗಳೂರಿಗೆ ಹೋಗಿ ಗ್ರಾನೈಟ್ ಕೂರಿಸುವ ಮೇಸ್ತ್ರಿಯಾದೆ. ಬಟ್ಟೆ ಅಂಗಡಿ, ಒಡವೆ ಅಂಗಡಿ, ಆಫೀಸುಗಳಲ್ಲಿ ನಾವು ಗ್ರಾನೈಟ್ ಹಾಸುತ್ತಿದ್ದ ಜಾಗದ ಪಕ್ಕದಲ್ಲೇ ಗಾಜಿನ ಮೆಟ್ಟಿಲುಗಳು ಎದ್ದವು. ಹಾಕುವವರ ಜೊತೆ ನಿಂತು ನೋಡಿದ್ದೇನೆ, ಕೇಳಿ ತಿಳಿದುಕೊಂಡಿದ್ದೇನೆ. ಕಲ್ಲಿನ ಮೆಟ್ಟಿಲಿಗೆ ನಮ್ಮ ಹಿರಿಯರು ಏನೇನು ಪರೀಕ್ಷೆ ಇಟ್ಟಿದ್ದರೋ ಅದನ್ನು ಗಾಜಿಗೂ ಕೇಳಬೇಕು ಎನ್ನುವುದು ನನ್ನ ಮಾತು. ಅದಕ್ಕೆ ಮೊದಲು ಕಲ್ಲಿನ ಕಥೆ ಹೇಳಬೇಕು.

ನಮ್ಮ ಕಡೆಯ ಬಂಡೆಯನ್ನು ಭೂವಿಜ್ಞಾನದವರು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಬ್ಯಾರಿ ಕ್ಲೋಸ್ ಎಂಬ ಅಧಿಕಾರಿಯ ನೆನಪಿಗೆ ಕ್ಲೋಸ್‌ಪೇಟೆ ಎಂದು ಹೆಸರಿತ್ತು, ಅದೇ ಬಂಡೆಗೂ ಅಂಟಿಕೊಂಡಿತು. ಸುಮಾರು 250 ಕೋಟಿ ವರ್ಷ ಹಳೆಯ ಶಿಲೆ. ತೆಂಕಣದಿಂದ ಬಡಗಣಕ್ಕೆ ಸುಮಾರು 400 ಕಿ.ಮೀ. ಉದ್ದಕ್ಕೆ ಪಟ್ಟಿಯಂತೆ ಹಬ್ಬಿದೆ. ರಾಮದೇವರ ಬೆಟ್ಟ, ಸಾವನದುರ್ಗ ಎಲ್ಲ ಇದರದೇ ಮಕ್ಕಳು. ಕನಕಪುರದ ಕಡೆ ಬೂದು ಗುಲಾಬಿ ಬಣ್ಣಗಳು ಸುಳಿಸುಳಿಯಾಗಿ ಬೆರೆತ ಕಲ್ಲು ಸಿಗುತ್ತದೆ. ವ್ಯಾಪಾರದಲ್ಲಿ ಅದನ್ನು 'ಕನಕಪುರ ಮಲ್ಟಿ' ಎಂದು ಕರೆದು ಹೊರದೇಶಕ್ಕೂ ಕಳಿಸುತ್ತಾರೆ. ಅಪ್ಪನ ಕಾಲಕ್ಕೆ ಅದಕ್ಕೆ ಯಾವ ಹೆಸರೂ ಇರಲಿಲ್ಲ, ಕಲ್ಲು ಅಷ್ಟೆ.

ಆ ಕಲ್ಲನ್ನು ಎಬ್ಬಿಸುತ್ತಿದ್ದುದು ಬೆಂಕಿಯಿಂದ. ಡೈನಮೈಟು, ಕಂಪ್ರೆಸರ್, ವಜ್ರದ ತಂತಿಯ ಗರಗಸ ಇವೆಲ್ಲ ಬರುವ ಮೊದಲು ಬೆಂಗಳೂರು ಸೀಮೆಯ ಹಾಸುಬಂಡೆಗಳ ಮೇಲೆ ಸೌದೆ ಉರಿಸಿ ಚಪ್ಪಡಿ ಬಿಡಿಸುತ್ತಿದ್ದರು. ಬೆಂಗಳೂರಿನ ಹತ್ತಿರದ ಒಂದು ಕ್ವಾರಿಯಲ್ಲಿ ಈ ಕೆಲಸ ನೋಡಿದ ಎಚ್. ವಾರ್ತ್ ಎಂಬ ವಿಜ್ಞಾನಿ 1895ರಲ್ಲಿ 'ನೇಚರ್' ಪತ್ರಿಕೆಗೆ ಬರೆದದ್ದಿದೆ. ಬಂಡೆಯ ಮೇಲೆ ಒಂದು ಸಾಲಾಗಿ ಬೆಂಕಿ ಇಡುತ್ತಾರೆ. ಮುಂದೆ ನಿಂತ ಕುಟಿಗ ಸುತ್ತಿಗೆಯಿಂದ ಬಂಡೆಯನ್ನು ತಟ್ಟುತ್ತಾನೆ. ಅಡಿಯಲ್ಲಿ ಪದರ ಬಿಟ್ಟುಕೊಂಡಿದ್ದರೆ ಸದ್ದು ಬದಲಾಗುತ್ತದೆ. ಆಗ ಉರಿಯುವ ಸೌದೆಯನ್ನು ಕೆಲವೇ ಇಂಚು ಮುಂದಕ್ಕೆ ತಳ್ಳುತ್ತಾರೆ, ಮತ್ತೆ ತಟ್ಟುತ್ತಾರೆ. ವಾರ್ತ್ ಕಂಡ ಕೆಲಸದಲ್ಲಿ ಬೆಂಕಿ ಹರಿದ ಜಾಗ 460 ಚದರಡಿ. ಆದರೆ ಬಿರುಕು ಬೆಂಕಿಯ ಅಂಚು ದಾಟಿ ಹೋದದ್ದರಿಂದ ಎದ್ದು ಬಂದ ಚಪ್ಪಡಿ 740 ಚದರಡಿ. ದಪ್ಪ ಸರಾಸರಿ ಐದು ಇಂಚು. ಅದಕ್ಕೆ ಹಿಡಿದ ಸೌದೆ ಮುಕ್ಕಾಲು ಟನ್ನಿನಷ್ಟು. ಅಂದರೆ ಒಂದು ಪೌಂಡು ಸೌದೆಗೆ ಮೂವತ್ತು ಪೌಂಡು ಕಲ್ಲು ಎಂದು ಅವರು ಲೆಕ್ಕ ಹಾಕಿದರು.

ಈ ಲೆಕ್ಕಕ್ಕಿಂತ ನನಗೆ ದೊಡ್ಡದು ಆ ಸುತ್ತಿಗೆಯ ಸದ್ದು. ಒಡೆಯುವಾಗ ಕಿವಿ ಕೊಟ್ಟವರು ಕೂರಿಸುವಾಗಲೂ ಕಿವಿ ಕೊಡುತ್ತಿದ್ದರು. ಗಟ್ಟಿ ಕಲ್ಲು ಟಣ್ ಎನ್ನುತ್ತದೆ. ಒಳಗೆ ಕೂದಲೆಳೆಯ ಬಿರುಕಿದ್ದರೆ ಬೊದ್ ಎಂದು ಸದ್ದು ಸತ್ತುಹೋಗುತ್ತದೆ. ಬೊದ್ ಎಂದ ಕಲ್ಲು ಬೇಲಿಗೋ ಪಾಯಕ್ಕೋ ಹೋಗಬೇಕು, ಮೆಟ್ಟಿಲಿಗೆ ಹೋಗಕೂಡದು.

ಈ ತಟ್ಟಿ ಕೇಳುವ ಪರೀಕ್ಷೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗುತ್ತಿದ್ದುದು ತೋಟದ ಬಾವಿಗಳಿಗೆ. ಹಳೆಯ ತೆರೆದ ಬಾವಿಗಳನ್ನು ನೋಡಿದವರಿಗೆ ಗೊತ್ತು, ಒಳಗೋಡೆಯಿಂದ ಒಂದೊಂದೇ ಕಲ್ಲು ಹೊರಕ್ಕೆ ಚಾಚಿಕೊಂಡು ನೀರಿನತನಕ ಇಳಿಯುತ್ತದೆ. ಕೆಳಗೆ ಆಧಾರವಿಲ್ಲ, ಪಕ್ಕದಲ್ಲಿ ಕಟಕಟೆಯಿಲ್ಲ. ಕಲ್ಲಿನ ಒಂದು ಭಾಗ ಗೋಡೆಯೊಳಗೆ ಆಳವಾಗಿ ಹೂತು, ಮೇಲಿನ ಗೋಡೆಯ ಭಾರ ಅದನ್ನು ಒತ್ತಿಹಿಡಿಯುತ್ತದೆ. ಸೊಂಟದಲ್ಲಿ ತುಂಬಿದ ಬಿಂದಿಗೆ, ಒದ್ದೆ ಕಾಲು, ಮುಂದೆ ಬರಿಯ ಬಾವಿ. ಅಂಥ ಕಲ್ಲು ಮುರಿದರೆ ಒಂದು ಜೀವ ಹೋಗುತ್ತದೆ. ಹಾಗಾಗಿ ಅಪ್ಪ ಕಲ್ಲನ್ನು ನೆಲದಲ್ಲಿಟ್ಟು ಎರಡೂ ತುದಿ ತಟ್ಟಿ ಕೇಳುತ್ತಿದ್ದರು. ಕೂರಿಸಿ ಗಾರೆ ಬಲಿತ ಮೇಲೆ ಹಗ್ಗ ಕಟ್ಟಿಕೊಂಡು ತಾವೇ ಅದರ ತುದಿಯಲ್ಲಿ ನಿಲ್ಲುತ್ತಿದ್ದರು. ಆಮೇಲೆ ನೀರು ಹೊಯ್ದು ಬರಿಗಾಲಲ್ಲಿ ತಿಕ್ಕಿ ನೋಡುತ್ತಿದ್ದರು. ಜಾರಿದರೆ ಮತ್ತೆ ಚಾಣ ಹಿಡಿದು, ನಡೆಯುವ ದಿಕ್ಕಿಗೆ ಅಡ್ಡಲಾಗಿ ಗೀರು ಹಾಕಬೇಕು. ಉದ್ದಕ್ಕೆ ಹಾಕಿದ ಗೀರು ಕಾಲನ್ನು ಜಾರಿಸುತ್ತದೆ, ಅಡ್ಡ ಗೀರು ಹಿಡಿಯುತ್ತದೆ. ಮಳೆನೀರು ನಿಲ್ಲದಿರಲೆಂದು ಮುಂದಕ್ಕೆ ಒಂದು ನೂಲಿನಷ್ಟು ಇಳಿಜಾರು.

ಮನೆಯ ಮುಂದಿನ ಮೆಟ್ಟಿಲಿಗೆ ಬೇರೆ ಲೆಕ್ಕವೂ ಇತ್ತು. ಬಲಗಾಲಿಟ್ಟು ಹತ್ತಿದವನು ಬಲಗಾಲಲ್ಲೇ ಒಳಗೆ ಬರಬೇಕೆಂದು ಮೆಟ್ಟಿಲುಗಳ ಎಣಿಕೆ ಬೆಸವಾಗಿರಬೇಕು. ಲಾಭ, ನಷ್ಟ, ಲಾಭ ಎಂದು ಎಣಿಸಿ ಕೊನೆಯದು ಲಾಭಕ್ಕೆ ಬರುವಂತೆ ನೋಡುತ್ತಿದ್ದರು. ನಂಬಿಕೆ ಅವರವರಿಗೆ ಬಿಟ್ಟದ್ದು. ಆದರೆ ಲಾಭಕ್ಕೆ ತರಲು ಕೊನೆಯ ಮೆಟ್ಟಿಲನ್ನು ಗಿಡ್ಡ ಮಾಡಿದ ಮನೆಗಳಿವೆ, ಅದು ತಪ್ಪು. ಕಾಲು ಮೊದಲ ಎರಡು ಮೆಟ್ಟಿಲಲ್ಲೇ ಎತ್ತರವನ್ನು ಕಲಿತುಬಿಡುತ್ತದೆ. ಮುಂದೆ ಕಣ್ಣು ನೋಡುವುದಿಲ್ಲ, ಕಾಲೇ ನಡೆಯುತ್ತದೆ. ನಡುವೆ ಒಂದು ಮೆಟ್ಟಿಲು ಅರ್ಧ ಇಂಚು ಹೆಚ್ಚುಕಡಿಮೆಯಾದರೂ ಎಡವುತ್ತೇವೆ. ಅಪ್ಪನ ಅಳತೆ ಅರ್ಧ ಅಡಿ ಎತ್ತರ, ಒಂದಡಿ ಅಗಲ. ಬಹಳ ವರ್ಷಗಳ ಮೇಲೆ ಒಬ್ಬ ಎಂಜಿನಿಯರ್ ರಾಷ್ಟ್ರೀಯ ಕಟ್ಟಡ ಸಂಹಿತೆ ತೆರೆದು ತೋರಿಸಿದರು. ವಾಸದ ಮನೆಗಳನ್ನು ಬಿಟ್ಟು ಉಳಿದ ಕಟ್ಟಡಗಳಲ್ಲಿ ಮೆಟ್ಟಿಲಿನ ಅಗಲ 300 ಮಿ.ಮೀ.ಗಿಂತ ಕಡಿಮೆ ಇರಬಾರದು, ಎತ್ತರ 150 ಮಿ.ಮೀ. ಮೀರಬಾರದು ಎಂದಿದೆ ಅದರಲ್ಲಿ. ಅಡಿಕೋಲಿನಲ್ಲಿ ಅಳೆದು ನೋಡಿ, ಅದೇ ಅರ್ಧ ಅಡಿ, ಅದೇ ಒಂದಡಿ.

ಈ ಸೀಮೆಯ ಕಲ್ಲು ಮತ್ತು ಮನುಷ್ಯರು ಸೇರಿ ಎಬ್ಬಿಸಿದ ಅತಿ ದೊಡ್ಡ ಮೆಟ್ಟಿಲಸಾಲು ಯಾವುದೆಂದರೆ ನಾನು ವಿಧಾನಸೌಧದ್ದು ಎನ್ನುತ್ತೇನೆ. 1951ರ ಜುಲೈ 13ರಂದು ನೆಹರೂ ಅಡಿಗಲ್ಲು ಇಟ್ಟರು. ಅದನ್ನು ಈಗಿನ ರೂಪಕ್ಕೆ ತಂದು 1956ಕ್ಕೆ ಮುಗಿಸಿದವರು ರಾಮನಗರದ ಲಕ್ಕಪ್ಪನಹಳ್ಳಿಯಲ್ಲಿ ಹುಟ್ಟಿದ ಕೆಂಗಲ್ ಹನುಮಂತಯ್ಯನವರು. ಗೋಡೆಗೆ ಬೆಂಗಳೂರು ಸುತ್ತಿನ ಬೂದುಗಲ್ಲು, ಅಲಂಕಾರಕ್ಕೆ ಮಾಗಡಿಯ ಗುಲಾಬಿ ಕಲ್ಲು, ತುರುವೇಕೆರೆಯ ಕರಿಗಲ್ಲು. ಮುಂದಿನ ಮೆಟ್ಟಿಲುಗಳು 45, ಅಗಲ 200 ಅಡಿಗೂ ಹೆಚ್ಚು. ಅಷ್ಟು ದೊಡ್ಡ ಹರಹಿನಲ್ಲಿ ಎತ್ತರ ಒಂದೇ ಸಮ ಬರಬೇಕಾದರೆ ಎಷ್ಟು ಜನ ಎಷ್ಟು ದಿನ ದಾರ ಹಿಡಿದಿರಬೇಕು ಎನ್ನುವುದು ಕೆಲಸ ಬಲ್ಲವನಿಗೆ ಮಾತ್ರ ಗೊತ್ತು.

ಕಾಂಕ್ರೀಟು ಬಂದ ಮೇಲೆ ಮೆಟ್ಟಿಲಿನ ಭಾರ ಹೊರುವ ಕೆಲಸ ಕಲ್ಲಿನ ಕೈಬಿಟ್ಟಿತು. ಕೆಂಪು ಆಕ್ಸೈಡು, ಮೊಸಾಯಿಕ್, ಕಡಪ ಕಲ್ಲುಗಳ ಕಾಲ ಸಾಗಿತು. ಆಮೇಲೆ ಜಿಗಣಿ ಕಡೆ ಕಲ್ಲು ಕುಯ್ದು ಪಾಲಿಶ್ ಮಾಡುವ ಕಾರ್ಖಾನೆಗಳು ಎದ್ದವು. ನಮ್ಮ ಬಂಡೆ ಅಲ್ಲಿಂದ ಕನ್ನಡಿಯಾಗಿ ಹೊರಬಂತು.

ಅಪಾಯ ಗಾಜಿನಿಂದ ಶುರುವಾಯಿತು ಎಂದು ನಾನು ಒಪ್ಪುವುದಿಲ್ಲ, ಅದು ಪಾಲಿಶ್ ಮಾಡಿದ ಗ್ರಾನೈಟಿನಿಂದ ಶುರುವಾಯಿತು. ಸಾವಿರಾರು ವರ್ಷ ಕಾಲಿಗೆ ಬೇಕೆಂದು ಒರಟಾಗಿ ಉಳಿಸಿಕೊಂಡಿದ್ದ ಕಲ್ಲನ್ನು ಕಣ್ಣಿಗೆ ಬೇಕೆಂದು ನುಣುಪು ಮಾಡಿದೆವು. ಒಂದು ಹನಿ ನೀರು ಬಿದ್ದರೆ ಸಾಕು, ಜಾರುತ್ತದೆ. ದೀಪದ ಬೆಳಕು ಅದರ ಮೇಲೆ ಬಿದ್ದರೆ ಅಂಚು ಎಲ್ಲಿ ಮುಗಿಯಿತೆಂದು ತಿಳಿಯುವುದಿಲ್ಲ. ನಾನೇ ಹಾಸಿದ ಎಷ್ಟೋ ಮೆಟ್ಟಿಲುಗಳಿಗೆ ಅಂಚಿನಲ್ಲಿ ಮೂರು ಗೀರು ಹೊಡೆಯಲು ಮಾಲೀಕರನ್ನು ಬೇಡಿಕೊಂಡಿದ್ದೇನೆ. ಕೆಲವರು ಒಪ್ಪಿದರು. ಈಗ ಫ್ಲೇಮ್ ಫಿನಿಶ್ ಎಂಬುದೊಂದಿದೆ. ಗ್ಯಾಸಿನ ಉರಿಯನ್ನು ಕಲ್ಲಿನ ಮೇಲೆ ಓಡಿಸಿದರೆ ಮೇಲಿನ ಬಿಳಿಹರಳಿನ ಕಣಗಳು ಚಟಪಟ ಸಿಡಿದು ಮೈ ಒರಟಾಗುತ್ತದೆ. ಅಪ್ಪನವರು ಚಪ್ಪಡಿ ಎಬ್ಬಿಸಿದ ಬೆಂಕಿಯೇ ಇಲ್ಲಿ ಕಾಲಿಗೆ ಹಿಡಿತ ಕೊಡುತ್ತದೆ. ಅಂಗಡಿ ಮೆಟ್ಟಿಲಿಗೆ ಗ್ರಾನೈಟ್ ಹಾಕುವವರು ಇದನ್ನೇ ಹಾಕಿಸಬೇಕು.

ಇನ್ನು ಗಾಜು. ಬಿಸಿ ಗಾಜನ್ನು ಥಟ್ಟನೆ ತಣಿಸಿ ಗಟ್ಟಿಮಾಡುವ ವಿದ್ಯೆಗೆ 1874ರಲ್ಲಿ ಫ್ರಾನ್ಸಿನ ದ ಲಾ ಬಾಸ್ತಿ ಪೇಟೆಂಟು ಪಡೆದ. ಎರಡು ಗಾಜಿನ ನಡುವೆ ಅಂಟುಪದರ ಇಟ್ಟು ಒಂದು ಮಾಡುವ ಲ್ಯಾಮಿನೇಟೆಡ್ ಗಾಜಿನ ಹೊಳಹು 1903ರಲ್ಲಿ ಎದ್ವಾರ್ದ್ ಬೆನೆಡಿಕ್ಟಸ್‌ಗೆ ಸಿಕ್ಕಿತು. ಕೈಜಾರಿ ಬಿದ್ದ ಒಂದು ಫ್ಲಾಸ್ಕು ಒಡೆದೂ ಚೂರಾಗದೆ ನಿಂತದ್ದು ಅದಕ್ಕೆ ಕಾರಣ ಎಂದು ಹೇಳುತ್ತಾರೆ. ಈ ಎರಡು ವಿದ್ಯೆ ಸೇರದೆ ಗಾಜಿನ ಮೆಟ್ಟಿಲಿಲ್ಲ. 1980ರ ದಶಕದಲ್ಲಿ ಲಂಡನ್ನಿನ ಬಟ್ಟೆ ಅಂಗಡಿಗಳಿಗೆ ಈವಾ ಯಿರಿಚ್ನಾ ಎಂಬ ವಾಸ್ತುಶಿಲ್ಪಿ ಉಕ್ಕಿನ ತಂತಿ, ಗಾಜಿನ ಹಲಗೆಗಳ ಮೆಟ್ಟಿಲು ಮಾಡಿದರು. 2002ರಲ್ಲಿ ನ್ಯೂಯಾರ್ಕಿನ ಸೋಹೊ ಬಡಾವಣೆಯಲ್ಲಿ ಆಪಲ್ ಅಂಗಡಿ ತೆರೆದಾಗ ನಡುಮಧ್ಯದಲ್ಲಿ ಗಾಜಿನ ಮೆಟ್ಟಿಲಿತ್ತು. ಸ್ಟೀವ್ ಜಾಬ್ಸ್ ಹೆಸರು ಆ ಬಗೆಯ ಮೆಟ್ಟಿಲಿನ ಪೇಟೆಂಟಿನಲ್ಲೂ ಇದೆ. ಆಮೇಲೆ ಲೋಕದ ಅಂಗಡಿಗಳಿಗೆಲ್ಲ ಅದು ಬೇಕಾಯಿತು, ಬೆಂಗಳೂರಿಗೂ ಬೇಕಾಯಿತು.

ಗಾಜಿನ ಬಲದ ಬಗ್ಗೆ ನನಗೆ ಅನುಮಾನವಿಲ್ಲ. ಹಾಗೆ ತಣಿಸಿ ಸರಿಯಾಗಿ ಹದಮಾಡಿದ ಟಫನ್ಡ್ ಗಾಜು ಸಾಮಾನ್ಯ ಗಾಜಿಗಿಂತ ನಾಲ್ಕೈದು ಪಟ್ಟು ಗಟ್ಟಿ. ನನ್ನ ಚಿಂತೆ ಬೇರೆ. ಕಲ್ಲು ತಟ್ಟಿದರೆ ತನ್ನ ಒಳಗಿನ ರೋಗ ಹೇಳುತ್ತದೆ, ಗಾಜು ಹೇಳುವುದಿಲ್ಲ. ಗಾಜು ತಯಾರಾಗುವಾಗ ನಿಕ್ಕಲ್ ಸಲ್ಫೈಡಿನ ಕಣ್ಣಿಗೆ ಕಾಣದ ಒಂದು ಕಣ ಒಳಗೆ ಉಳಿದುಬಿಡಬಹುದು. ಟಫನ್ ಮಾಡಿದ ಮೇಲೆ ಆ ಕಣ ನಿಧಾನಕ್ಕೆ ಹಿಗ್ಗುತ್ತದೆ. ತಿಂಗಳಾದ ಮೇಲೋ ವರ್ಷಗಳಾದ ಮೇಲೋ, ಮೇಲೆ ಯಾರೂ ಕಾಲಿಡದೆ ಇದ್ದರೂ ಇಡೀ ಹಲಗೆ ಒಮ್ಮೆಗೇ ಕಾಳುಕಾಳಾಗಿ ಒಡೆಯುತ್ತದೆ. ಇದಕ್ಕೂ ಪರೀಕ್ಷೆ ಇದೆ, ಹೀಟ್ ಸೋಕ್ ಎನ್ನುತ್ತಾರೆ. ಗಾಜನ್ನು ಕುಲುಮೆಯಲ್ಲಿ 300 ಡಿಗ್ರಿಗೆ ಸ್ವಲ್ಪ ಕಡಿಮೆ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟರೆ, ಒಡೆಯುವಂಥದ್ದು ಬಹುಪಾಲು ಅಲ್ಲೇ ಒಡೆದುಹೋಗುತ್ತದೆ. ಉಳಿದದ್ದು ಕಟ್ಟಡಕ್ಕೆ. ಅಪ್ಪ ಬಾವಿಕಲ್ಲಿನ ತುದಿಯಲ್ಲಿ ನಿಂತದ್ದೂ ಇದೇ ಕೆಲಸಕ್ಕೆ. ಆದರೆ ಪರೀಕ್ಷೆಗೆ ಖರ್ಚಿದೆ, ಖರ್ಚು ಉಳಿಸಲು ಮೊದಲು ಬಿಡುವುದು ಇದನ್ನೇ.

ಒಂದೇ ಹಲಗೆಯ ಟಫನ್ಡ್ ಗಾಜನ್ನು ಮೆಟ್ಟಿಲಿಗೆ ಹಾಕುವುದು ಯಾವ ಕಾರಣಕ್ಕೂ ಸಲ್ಲ. ಒಡೆದರೆ ಏನೂ ಉಳಿಯುವುದಿಲ್ಲ, ನಿಂತವನು ಕೆಳಗೆ. ಎರಡು, ಮೇಲಾಗಿ ಮೂರು ಹಲಗೆಗಳನ್ನು ಅಂಟಿಸಿರಬೇಕು. ಒಂದು ಒಡೆದರೂ ಉಳಿದವು ಭಾರ ಹೊರಬೇಕು. ಅಂಟುಪದರವೂ ಗಡುಸಾಗಿರಬೇಕು, ಮೆತ್ತಗಿನ ಪದರವಾದರೆ ಎಲ್ಲ ಹಲಗೆಗಳೂ ಒಡೆದಾಗ ಒದ್ದೆ ಗೋಣಿಚೀಲದಂತೆ ಜೋತುಬೀಳುತ್ತದೆ. ಟಫನ್ ಆದ ಗಾಜಿಗೆ ಸೈಟಿನಲ್ಲಿ ತೂತು ಕೊರೆಯಲಾಗದು, ಅಂಚು ಉಜ್ಜಲಾಗದು. ಉಕ್ಕಿಗೆ ನೇರ ತಾಗದಂತೆ ನಡುವೆ ರಬ್ಬರಿನ ಮೆತ್ತೆ ಬೇಕು. ಗಾಜಿಗೆ ಪೆಟ್ಟು ತಾಳದ ಜಾಗವೆಂದರೆ ಅಂಚು. ಇವೆಲ್ಲ ಹೊಸ ಮಾತಲ್ಲ, ಸುರಕ್ಷತಾ ಗಾಜಿಗೆ ಐಎಸ್ 2553 ಎಂಬ ಮಾನಕವಿದೆ, ಕಟ್ಟಡದಲ್ಲಿ ಗಾಜು ಬಳಸುವ ಕ್ರಮಕ್ಕೆ ಐಎಸ್ 16231 ಇದೆ.

ಮುರಿಯದಿದ್ದರೆ ಸಾಕೇ? ಒಂದು ರೇಷ್ಮೆ ಸೀರೆ ಅಂಗಡಿಯಲ್ಲಿ ಕೆಲಸಕ್ಕೆ ಹೋಗಿದ್ದೆ. ಮೇಲಿನ ಮಹಡಿಯಲ್ಲಿ ಸೀರೆ ನೋಡಿ ಇಳಿಯಲು ಬಂದ ವಯಸ್ಸಾದ ತಾಯಿಯೊಬ್ಬರು ಮೊದಲ ಗಾಜಿನ ಮೆಟ್ಟಿಲ ಮುಂದೆ ನಿಂತುಬಿಟ್ಟರು. ಮಗಳು "ಏನೂ ಆಗಲ್ಲ ಬಾಮ್ಮ" ಎಂದು ಕೈ ಚಾಚಿದಳು. ಅವರು ಒಂದು ಕೈಯಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದು, ಬಲಗಾಲಿನ ಹೆಬ್ಬೆರಳನ್ನು ಮುಂದೆ ಚಾಚಿ ಗಾಜನ್ನು ಮುಟ್ಟಿ, ಮತ್ತೆ ಹಿಂದಕ್ಕೆ ಎಳೆದುಕೊಂಡರು. "ಮೆಟ್ಲು ಎಲ್ಲಿ ಮುಗಿಯುತ್ತೋ ಕಾಣ್ತಾ ಇಲ್ಲ ಕಣೇ. ಕೆಳಗಿರೋ ಗಂಡಸರೆಲ್ಲ ಕಾಣ್ತಾರೆ" ಎಂದರು. ಅವರ ಎರಡೂ ಮಾತು ನಿಜ. ಪಾರದರ್ಶಕ ಮೆಟ್ಟಿಲಿನಲ್ಲಿ ಅಂಚು ಮಾಯವಾಗುತ್ತದೆ, ಕೆಳಗಿನವರಿಗೆ ಮೇಲಿನವರ ಮೈ ಕಾಣುತ್ತದೆ. ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ 2011ರಲ್ಲಿ ತೆರೆದ ಫ್ರ್ಯಾಂಕ್ಲಿನ್ ಕೌಂಟಿ ನ್ಯಾಯಾಲಯದ ಗಾಜಿನ ಮೆಟ್ಟಿಲಿನ ಬಗ್ಗೆ ಅಲ್ಲಿನ ಮಹಿಳಾ ನ್ಯಾಯಾಧೀಶರೇ ಇದೇ ದೂರು ಹೇಳಿದ್ದರು. ಗಾಜಿನ ಮೈಯನ್ನು ಮಬ್ಬು ಮಾಡಿ, ಒರಟು ಚುಕ್ಕಿಗಳನ್ನು ಸುಟ್ಟು ಕೂರಿಸಿ, ಅಂಚಿಗೆ ಎರಡು ಬೆರಳಗಲದ ಗಾಢಬಣ್ಣದ ಪಟ್ಟಿ ಹಾಕಿದರೆ ಎರಡೂ ತೊಂದರೆ ತಪ್ಪುತ್ತವೆ. ಹಾಕಬೇಡಿ, ಅಂದ ಕೆಡುತ್ತದೆ ಎನ್ನುವ ಮಾಲೀಕರ ಮಾತಿಗೆ ಕೆಲಸಗಾರ ತಲೆಯಾಡಿಸಬಾರದು.

ಎಲ್ಲಕ್ಕಿಂತ ಭಾರವಾದ ಮಾತು ಬೆಂಕಿಯದು. ಇಲ್ಲಿ ನಾನು ಕಲ್ಲಿನ ಪರವಾಗಿ ವಕಾಲತ್ತು ಮಾಡುವುದಿಲ್ಲ. ಬೆಂಕಿ ಇಟ್ಟರೆ ಪದರ ಬಿಡುತ್ತದೆಂದೇ ನಮ್ಮ ಹಿರಿಯರು ಅದನ್ನು ಒಡೆದದ್ದು. ಗೋಡೆಗೆ ಸಿಕ್ಕಿಸಿದ ಬರಿಯ ಕಲ್ಲಿನ ಮೆಟ್ಟಿಲು ಉರಿ ತಾಗಿ, ಮೇಲೆ ನೀರು ಬಿದ್ದರೆ ಬಿರಿಯುತ್ತದೆ. ಗಾಜಿನ ಕಥೆ ಇನ್ನೂ ಕೆಟ್ಟದ್ದು. ಗಾಜು ಸ್ವತಃ ಉರಿಯದಿದ್ದರೂ ನಡುವಿನ ಅಂಟುಪದರ ಪ್ಲಾಸ್ಟಿಕ್, ಬಿಸಿಗೆ ಬೇಗ ಮೆತ್ತಗಾಗುತ್ತದೆ. ಬೆಂಕಿಯಿಂದ ಪಾರಾಗಲು ಇರುವ ಒಳಾಂಗಣದ ಮೆಟ್ಟಿಲುಗಳು ಪೂರ್ತಿಯಾಗಿ ಉರಿಯದ ವಸ್ತುವಿನವೇ ಆಗಿರಬೇಕು ಎನ್ನುತ್ತದೆ ಕಟ್ಟಡ ಸಂಹಿತೆ. ಹಾಗಾಗಿ ಗಾಜಿನ ಮೆಟ್ಟಿಲು ಅಂಗಡಿಯ ಒಂದು ಮಹಡಿಯಿಂದ ಇನ್ನೊಂದಕ್ಕೆ ಗಿರಾಕಿಗಳು ಓಡಾಡಲು ಇರಬಹುದು. ಜೀವ ಉಳಿಸಿಕೊಂಡು ಓಡುವ ದಾರಿ ಅದಾಗಬಾರದು. ಅದಕ್ಕೆ ಬೇರೆ, ಗೋಡೆಯಿಂದ ಸುತ್ತುವರಿದ, ಹೊಗೆ ನುಗ್ಗದ, ಕಾಂಕ್ರೀಟಿನ ಮೆಟ್ಟಿಲು ಬೇಕು.

2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್ಟನ್ ಟವರ್ಸ್‌ನಲ್ಲಿ ನಡೆದದ್ದು ನೆನಪಿರಬೇಕು. ವಿದ್ಯುತ್ ಕೇಬಲ್ಲುಗಳ ಕೊಳವೆದಾರಿಯಲ್ಲಿ ಹೊತ್ತಿದ ಬೆಂಕಿಯ ಹೊಗೆ ಮೇಲಿನ ಮಹಡಿಗಳಿಗೆ ಏರಿತು. ಆ ಕಟ್ಟಡದಲ್ಲಿ ಮೆಟ್ಟಿಲುಗಳಿದ್ದವು. ಹೊಗೆ ತುಂಬಿ, ತುರ್ತು ಬಾಗಿಲುಗಳು ತೆರೆಯದೆ, ಜನಕ್ಕೆ ಅವು ಒದಗಲಿಲ್ಲ. ಉಸಿರಿಗಾಗಿ ಕಿಟಕಿಯ ಗಾಜು ಒಡೆದರು, ಕೆಲವರು ಮೇಲಿನಿಂದ ಹಾರಿದರು. ಒಂಬತ್ತು ಜನ ಸತ್ತರು. ಸತ್ತವರ ಮನೆಯವರು, ಗೆಳೆಯರು ಸೇರಿ ಕಟ್ಟಿದ 'ಬಿಯಾಂಡ್ ಕಾರ್ಲ್ಟನ್' ಸಂಸ್ಥೆ ಅಂದಿನಿಂದ ಅಗ್ನಿ ಸುರಕ್ಷತೆಗಾಗಿ ದುಡಿಯುತ್ತಿದೆ.

ಈಗ ಗಾಜಿನ ಮೆಟ್ಟಿಲು ಬೆಂಗಳೂರಿನ ಗಡಿ ದಾಟಿ ಕನಕಪುರ ರಸ್ತೆಗುಂಟ ನಮ್ಮ ಕಡೆಗೂ ಬರುತ್ತಿದೆ. ಅಂಗಡಿ, ಹೋಟೆಲು, ಕಲ್ಯಾಣ ಮಂಟಪ ಕಟ್ಟಿಸುವ ನಮ್ಮ ಊರುಗಳವರಲ್ಲಿ ಒಂದು ಕೋರಿಕೆ. ಗಾಜು ಹಾಕಿಸುವುದಾದರೆ ಲ್ಯಾಮಿನೇಟ್ ಎಷ್ಟು ಪದರದ್ದು, ಹೀಟ್ ಸೋಕ್ ಪರೀಕ್ಷೆ ಆಗಿದೆಯೇ ಎಂದು ಕಾಗದದಲ್ಲಿ ಬರೆಸಿಕೊಳ್ಳಿ, ಗಾಜಿನ ಮೂಲೆಯಲ್ಲಿ ಮಾನಕದ ಗುರುತು ಇದೆಯೇ ನೋಡಿ. ಜನಕ್ಕೆ ತೆರೆಯುವ ಮೊದಲು ನೀರು ಚಿಮುಕಿಸಿ, ನಿಮ್ಮ ಮನೆಯ ಹಿರಿಯರನ್ನು ಕರೆದು ಇಳಿಸಿ ನೋಡಿ. ಅವರು ನಿಂತ ಕಡೆ ಕೆಲಸ ಬಾಕಿ ಇದೆ ಎಂದು ತಿಳಿಯಿರಿ. ಹಿಂದಿನ ಕಾಂಕ್ರೀಟ್ ಮೆಟ್ಟಿಲಲ್ಲಿ ಪೆಟ್ಟಿಗೆ, ಹಳೆ ಕುರ್ಚಿ ಪೇರಿಸಿದ್ದರೆ ತೆಗೆಸಿ. ಅದರ ಬಾಗಿಲಿಗೆ ಬೀಗ ಹಾಕಿದ್ದರೆ ಇವತ್ತೇ ಬಿಚ್ಚಿಸಿ.